ಹೆಪಾರಿನ್ ಎಂಬ ಸಕ್ಕರೆಯ ಸರ

(ಶ್ರೀಮಠದ ಮಹೋತ್ಸವದ ಅಂಗವಾಗಿ ಸಂಪಿಗೆಯಲ್ಲಿ ಸೇರಿದ್ದ ಸಭೆಯಲ್ಲಿ ಮಾಡಿದ ಉಪನ್ಯಾಸ)

 

ಧರ್ಮೋತ್ಸವದ ಸಭೆಯಲ್ಲಿ ರಸಾಯನಶಾಸ್ತ್ರದ ಉಪನ್ಯಾಸವೆಂದರೆ ಕೆಲವರಿಗೆ ಆಶ್ಚರ್ಯವಾಗಬಹುದು. ಆದರೆ ನಾನು ಎತ್ತಿಕೊಂಡಿರುವ ವಿಷಯವು ಭಕ್ತರೇ ನನ್ನ ಮುಂದಿಟ್ಟ ಒಂದು ಪ್ರಶ್ನೆಯಿಂದ ಹುಟ್ಟಿದುದು. ಮೂತ್ರಪಿಂಡಗಳು ಕೆಟ್ಟು ವಾರಕ್ಕೆ ಎರಡು ಮೂರು ಸಲ ಡಯಾಲಿಸಿಸ್ ಯಂತ್ರದ ಪಕ್ಕದಲ್ಲಿ ಮಲಗಬೇಕಾದವರು ನಮ್ಮ ತೆಂಗಿನ ಸೀಮೆಯಲ್ಲಿಯೂ ಇದ್ದಾರೆ. ಹಾಗೆ ಮಲಗಿದವರ ರಕ್ತಕ್ಕೆ ಸಾಮಾನ್ಯವಾಗಿ ಪ್ರತಿಸಲವೂ ಹೆಪಾರಿನ್ ಎಂಬ ಔಷಧವನ್ನು ಸೇರಿಸುತ್ತಾರೆ. “ಆ ಮದ್ದನ್ನು ಹಂದಿಯ ಕರುಳಿನಿಂದ ತೆಗೆಯುತ್ತಾರಂತೆ, ನಿಜವೇ ಸ್ವಾಮಿ? ನಿಜವಾದರೆ ಲಿಂಗಧಾರಿಗಳಾದ ನಾವು ಅದನ್ನು ತೆಗೆದುಕೊಳ್ಳಬಹುದೇ?” ಎಂಬುದೇ ಆ ಪ್ರಶ್ನೆ.

ಮೊದಲನೆಯ ಭಾಗಕ್ಕೆ ಉತ್ತರ ಸುಲಭ: ನಿಜ. ಎರಡನೆಯ ಭಾಗಕ್ಕೆ ಉತ್ತರವನ್ನು ಅಪ್ಪಣೆ ಕೊಡಿಸತಕ್ಕವರು ಶ್ರೀಗಳವರು. ಅದು ನನ್ನಂಥ ರಸಾಯನಶಾಸ್ತ್ರದ ಮೇಷ್ಟರ ಅಧಿಕಾರಕ್ಕೆ ಸೇರಿದುದಲ್ಲ. ಆದರೆ ಇವೆರಡರ ನಡುವೆ ಯಾರೂ ಕೇಳದ ಮೂರನೆಯ ಪ್ರಶ್ನೆಯೊಂದುಂಟು. ಆ ಔಷಧದಲ್ಲಿ ನಿಜವಾಗಿ ಕೆಲಸ ಮಾಡತಕ್ಕ ಭಾಗ ಯಾವುದು? ರಕ್ತದಲ್ಲಿ ಅದನ್ನು ಗುರುತಿಸುವವರು ಯಾರು? ಆ ಭಾಗವು ತಿಳಿದುಬಂದರೆ ಪ್ರಾಣಿಯ ಹಂಗಿಲ್ಲದೆಯೇ ಅದನ್ನು ಮಾಡಿಕೊಳ್ಳಬಹುದಲ್ಲವೇ? ಈ ದಿನ ನಿವೇದಿಸಿಕೊಳ್ಳಬೇಕೆಂದಿರುವುದು ಅದನ್ನೇ.

ಗಾಯವಾದಾಗ ರಕ್ತವು ಹೆಪ್ಪುಗಟ್ಟದಿದ್ದರೆ ಮನುಷ್ಯನು ಬದುಕಲಾರನು. ನಾಳದೊಳಗೆ ಹರಿಯುತ್ತಿರುವಾಗಲೇ ಹೆಪ್ಪುಗಟ್ಟಿದರೂ ಬದುಕಲಾರನು. ಡಯಾಲಿಸಿಸ್ ಯಂತ್ರದಲ್ಲಿ ರಕ್ತವು ದೇಹವನ್ನು ಬಿಟ್ಟು ಪ್ಲಾಸ್ಟಿಕ್ಕಿನ ಕೊಳವೆಗಳಲ್ಲಿ ಹರಿದು, ಕೂದಲಿನಷ್ಟು ಸಣ್ಣ ನಾಳಗಳ ಸೋಸುಗದ ಮೂಲಕ ಹಾದು ಹಿಂದಿರುಗಬೇಕು. ಪರಕೀಯ ವಸ್ತುವು ಸೋಕಿದೊಡನೆ ರಕ್ತವು ಗಾಯವಾಯಿತೆಂದು ಭಾವಿಸಿ ಗಟ್ಟಿಯಾಗತೊಡಗುತ್ತದೆ. ಅದನ್ನು ತಡೆಯುವುದೇ ಹೆಪಾರಿನ್ನಿನ ಕೆಲಸ. ಹೆಸರು ಕೇಳಿದರೆ ನಮ್ಮ ‘ಹೆಪ್ಪು’ ಶಬ್ದದಿಂದಲೇ ಬಂದಂತೆ ತೋರುತ್ತದೆ. ಆದರೆ ಹಾಲಿಗೆ ಹೆಪ್ಪು ಮಾಡುವ ಕೆಲಸಕ್ಕೆ ನೇರವಾಗಿ ವಿರುದ್ಧವಾದ ಕೆಲಸವನ್ನು ಇದು ಮಾಡುತ್ತದೆ. ಶಬ್ದದ ಮೂಲ ಗ್ರೀಕ್ ಭಾಷೆಯ ‘ಹೆಪಾರ್’, ಎಂದರೆ ಯಕೃತ್ತು. ನಾಯಿಯ ಯಕೃತ್ತಿನಲ್ಲಿ ಮೊದಲು ಕಂಡುಬಂದುದರಿಂದ ಈ ಹೆಸರಾಯಿತು.

ಕಂಡುಬಂದ ಬಗೆಯೂ ವಿಚಿತ್ರವಾದುದೇ. 1916ನೆಯ ಇಸವಿಯಲ್ಲಿ ಅಮೆರಿಕಾದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಜೇ ಮ್ಯಾಕ್‌ಲೀನ್ ಎಂಬ ವೈದ್ಯ ವಿದ್ಯಾರ್ಥಿಯು ರಕ್ತವನ್ನು ಬೇಗ ಗಟ್ಟಿಮಾಡುವ ವಸ್ತುವನ್ನು ಹುಡುಕುತ್ತಿದ್ದನು. ದೊರೆತುದು ಗಟ್ಟಿಯಾಗದಂತೆ ತಡೆಯುವ ವಸ್ತು. ಅವನ ಗುರುಗಳಾದ ವಿಲಿಯಂ ಹೋವೆಲ್ ಮಹಾಶಯರು ಆ ಶೋಧನೆಯನ್ನು ಮುಂದುವರಿಸಿ 1918ರಲ್ಲಿ ಹೆಪಾರಿನ್ ಎಂಬ ಹೆಸರನ್ನಿಟ್ಟರು. ತರುವಾಯ ಕೆನಡಾದ ಟೊರಾಂಟೋ ನಗರದಲ್ಲಿ, ಇನ್ಸುಲಿನ್ನಿನಿಂದ ಪ್ರಸಿದ್ಧರಾದ ಚಾರ್ಲ್ಸ್ ಬೆಸ್ಟರೂ ಅವರ ಸಂಗಡಿಗರೂ ಅದನ್ನು ಮನುಷ್ಯರಿಗೆ ಕೊಡುವಷ್ಟು ಶುದ್ಧಗೊಳಿಸಿದರು. ಸ್ವೀಡನ್ ದೇಶದ ಎರಿಕ್ ಯಾರ್ಪಿಸ್ ಎಂಬ ಪಂಡಿತರು 1935ರಲ್ಲಿ, ಇದು ಗಂಧಕಾಮ್ಲದ ಅಂಶಗಳಿಂದ ತುಂಬಿದ ಒಂದು ಬಗೆಯ ಸಕ್ಕರೆಯೆಂದು ಪ್ರಕಟಿಸಿದರು.

ಸಕ್ಕರೆಯೆಂದೊಡನೆ ಬಾಯಿಗೆ ಸಿಹಿಯಾದ ವಸ್ತುವೆಂದು ಯಾರೂ ತಿಳಿಯಬಾರದು. ನಾವು ಧರಿಸುವ ರುದ್ರಾಕ್ಷಿಯ ಸರವನ್ನು ಭಾವಿಸಿಕೊಳ್ಳಿರಿ. ಆ ಸರದಲ್ಲಿ ಎರಡು ಜಾತಿಯ ಮಣಿಗಳು ಒಂದರ ಅನಂತರ ಒಂದು ಬರುತ್ತವೆ. ಒಂದು ಜಾತಿ ಗ್ಲೂಕೋಸಮೀನ್. ಮತ್ತೊಂದು ಯುರೋನಿಕ್ ಆಮ್ಲಗಳ ಜಾತಿ. ಔಷಧದ ಹೆಪಾರಿನ್ನಿನಲ್ಲಿ ಇಂತಹ ಮಣಿಗಳು ಸರವೊಂದಕ್ಕೆ ಸರಾಸರಿ 45ರಿಂದ 50ರವರೆಗೆ ಇರುತ್ತವೆ. ರುದ್ರಾಕ್ಷಿಗಳಲ್ಲಿ ಮುಖಭೇದವಿರುವಂತೆ ಈ ಮಣಿಗಳಲ್ಲಿಯೂ ಭೇದವುಂಟು: ಒಂದರ ಮೇಲೆ ಸಲ್ಫೇಟಿನ ಗುಂಪು ಒಂದು ಕಡೆ ಕುಳಿತಿದ್ದರೆ ಮತ್ತೊಂದರ ಮೇಲೆ ಬೇರೊಂದು ಕಡೆ, ಕೆಲವದರ ಮೇಲೆ ಎರಡು, ಅಪರೂಪವಾಗಿ ಮೂರು. ಪ್ರತಿಯೊಂದು ಸಲ್ಫೇಟಿಗೂ ಋಣವಿದ್ಯುತ್ತಿನ ಅಂಶವಿರುತ್ತದೆ. ಜೀವಿಗಳಲ್ಲಿ ಗೊತ್ತಾಗಿರುವ ಅಣುಗಳ ಪೈಕಿ ಇಷ್ಟು ದಟ್ಟವಾಗಿ ಋಣವಿದ್ಯುತ್ತನ್ನು ಹೊತ್ತಿರತಕ್ಕದ್ದು ಮತ್ತೊಂದಿಲ್ಲವೆಂದು ತಜ್ಞರು ಹೇಳುತ್ತಾರೆ.

ಹೆಪಾರಿನ್ನಿಗೆ ಒಬ್ಬ ಸೋದರನುಂಟು. ಅವನ ಹೆಸರು ಹೆಪರಾನ್ ಸಲ್ಫೇಟ್. ನಮ್ಮ ಮೈಯ ಜೀವಕೋಶಗಳ ಹೊರಮೈಯಲ್ಲೆಲ್ಲ ಆ ಸರಗಳು ಪೈರಿನಂತೆ ಎದ್ದು ನಿಂತಿರುತ್ತವೆ. ಅವುಗಳಲ್ಲಿ ಸಲ್ಫೇಟು ಕಡಮೆ, ವೈವಿಧ್ಯ ಹೆಚ್ಚು. ರಕ್ತದಲ್ಲಿ ಹರಿಯುವ ಅನೇಕ ಪ್ರೋಟೀನುಗಳು ಈ ಸರಗಳನ್ನು ಹಿಡಿದುಕೊಂಡು ತಮ್ಮ ಸ್ಥಾನಕ್ಕೆ ಸೇರುತ್ತವೆ. ಶತ್ರುಗಳೂ ಇದೇ ಹಿಡಿಕೆಯನ್ನು ಬಳಸಿಕೊಳ್ಳುವುದುಂಟು. ಡೆಂಗ್ಯೂ ಜ್ವರದ ವೈರಾಣುವಿನ ಹೊರಕವಚದ ಪ್ರೋಟೀನು ಮೊದಲು ಈ ಹೆಪರಾನ್ ಸಲ್ಫೇಟಿಗೆ ಅಂಟಿಕೊಂಡೇ ಜೀವಕೋಶವನ್ನು ಹೊಗುತ್ತದೆಂಬುದನ್ನು 1997ರಲ್ಲಿ ಪ್ರಯೋಗಗಳಿಂದ ತೋರಿಸಿದರು. ಆ ವೈರಾಣುವನ್ನು ಹೊತ್ತುತರುವ ಸೊಳ್ಳೆಯು ತೋಟದಲ್ಲಿ ಬಿಸಾಡಿದ ಕರಟಗಳಲ್ಲಿ ನಿಂತ ಮಳೆನೀರಿನಲ್ಲಿಯೇ ಮರಿಮಾಡುತ್ತದೆಂಬುದನ್ನು, ಪ್ರಸ್ತುತಕ್ಕೆ ಸ್ವಲ್ಪ ಹೊರಗಾದರೂ, ತೆಂಗಿನ ಸೀಮೆಯವರಾದ ತಮ್ಮ ಮುಂದೆ ಹೇಳದಿರಲಾರೆ. ಕರಟಗಳನ್ನು ಬೋರಲು ಹಾಕಿರಿ.

ಇನ್ನು ಪ್ರೋಟೀನು ಈ ಸರವನ್ನು ಹಿಡಿಯುವ ಬಗೆಯನ್ನು ನೋಡೋಣ. ಪ್ರೋಟೀನುಗಳೂ ಸರಗಳೇ, ಅವುಗಳ ಮಣಿಗಳಿಗೆ ಅಮೈನೋ ಆಮ್ಲಗಳೆಂದು ಹೆಸರು. ಇಪ್ಪತ್ತು ಜಾತಿಯ ಆ ಮಣಿಗಳಲ್ಲಿ ಲೈಸೀನ್, ಆರ್ಜಿನೀನ್ ಎಂಬ ಎರಡು ಧನವಿದ್ಯುತ್ತನ್ನು ಹೊತ್ತಿರುತ್ತವೆ. ಋಣವು ಧನವನ್ನು ಸೆಳೆಯುವುದು ಸೃಷ್ಟಿಯ ನಿಯಮ. ಪ್ರೋಟೀನು ಮಡಿಚಿಕೊಂಡು ಉಂಡೆಯಾದಾಗ ಅದರ ಮೈಯ ಮೇಲೆ ಒಂದೆಡೆ ಇಂತಹ ಮಣಿಗಳು ಗುಂಪುಗೂಡಿದ್ದರೆ, ಹೆಪಾರಿನ್ ಅಲ್ಲಿಗೆ ಬಂದು ಅಂಟಿಕೊಳ್ಳುತ್ತದೆ. ಎರಡರಲ್ಲಿ ಆರ್ಜಿನೀನು ಸಲ್ಫೇಟನ್ನು ಹೆಚ್ಚು ಬಿಗಿಯಾಗಿ ಹಿಡಿಯುತ್ತದೆ. ಇದಕ್ಕೆ ಮತ್ತೊಂದು ಸಹಾಯವೂ ಉಂಟು. ನೀರಿನಲ್ಲಿರುವಾಗ ಹೆಪಾರಿನ್ನಿನ ಸುತ್ತ ಸೋಡಿಯಮ್ಮಿನ ಕಣಗಳು ಮುತ್ತಿಕೊಂಡಿರುತ್ತವೆ. ಪ್ರೋಟೀನು ಬಂದು ಹಿಡಿದಾಗ ಅವು ಬಿಡುಗಡೆ ಹೊಂದಿ ಚದರಿಹೋಗುತ್ತವೆ. ಆ ಬಿಡುಗಡೆಯಿಂದಲೂ ಬಂಧನವು ಭದ್ರವಾಗುತ್ತದೆ. 1989ರಲ್ಲಿ ಕಾರ್ಡಿನ್, ವೈನ್‌ಟ್ರಾಬ್ ಎಂಬ ಇಬ್ಬರು, ಹೆಪಾರಿನ್ನನ್ನು ಹಿಡಿಯುವ ಪ್ರೋಟೀನುಗಳನ್ನು ಹೋಲಿಸಿ, ಧನವಿದ್ಯುತ್ತಿನ ಮಣಿಗಳು ಎಷ್ಟೆಷ್ಟು ಅಂತರದಲ್ಲಿ ಬರಬೇಕೆಂಬುದಕ್ಕೆ ಕೆಲವು ಮಾದರಿಗಳನ್ನು ಬರೆದರು. ಆ ಮಾದರಿಗಳು ಹುಡುಕುವವರಿಗೆ ದಾರಿ ತೋರಿಸುತ್ತವೆ. ಆದರೆ ಪ್ರೋಟೀನು ಮಡಿಚಿಕೊಂಡಾಗ ಬಹುದೂರದ ಮಣಿಗಳು ಹತ್ತಿರಕ್ಕೆ ಬರುವುದುಂಟಾದ ಕಾರಣ, ಅವನ್ನೇ ಶಾಸನವೆಂದು ನಂಬುವಂತಿಲ್ಲ.

ಸೆಳೆತವೊಂದೇ ಸಾಕಾಗುವ ಸಂದರ್ಭಗಳೂ ಇವೆ. ಹೆಪಾರಿನ್ ಮಿತಿಮೀರಿದಾಗ ಅದನ್ನು ತಡೆಯಲು ವೈದ್ಯರು ಪ್ರೋಟಮೀನ್ ಎಂಬ ಮದ್ದನ್ನು ಕೊಡುತ್ತಾರೆ. ಅದು ಆರ್ಜಿನೀನಿನಿಂದ ತುಂಬಿದ ಚಿಕ್ಕ ಪ್ರೋಟೀನು. ಯಾವ ಆಯ್ಕೆಯೂ ಇಲ್ಲದೆ ಹೆಪಾರಿನ್ನನ್ನು ಅಪ್ಪಿಕೊಂಡು ನಿಷ್ಕ್ರಿಯಗೊಳಿಸುತ್ತದೆ. ಇದೂ ಸಾಲ್ಮನ್ ಮೀನಿನ ವೀರ್ಯದಿಂದ ದೊರೆತುದೆಂಬುದನ್ನು ಪ್ರಶ್ನೆ ಕೇಳಿದ ಭಕ್ತರು ಗಮನಿಸತಕ್ಕದ್ದು.

ಆದರೆ ಸೆಳೆತ ಬೇರೆ, ಗುರುತು ಬೇರೆ. ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಇಟ್ಟ ಕಾಯಿಗಳನ್ನು ಯಾರು ಬೇಕಾದರೂ ಕೈಯಲ್ಲಿ ಹಿಡಿಯಬಹುದು. ಬಲ್ಲವನು ಮಾತ್ರ ಕಾಯನ್ನು ಕಿವಿಯ ಬಳಿ ಅಲ್ಲಾಡಿಸಿ, ಒಳಗೆ ನೀರು ಬತ್ತಿ ಉಂಡೆ ಕೊಬ್ಬರಿ ಕಳಚಿಕೊಂಡಿದೆಯೋ ಇಲ್ಲವೋ ಎಂಬುದನ್ನು ಶಬ್ದದಿಂದ ತಿಳಿಯುತ್ತಾನೆ. ನಮ್ಮ ರಕ್ತದಲ್ಲಿ ಹೆಪಾರಿನ್ನನ್ನು ಹೀಗೆ ಅಲ್ಲಾಡಿಸಿ ನೋಡಬಲ್ಲ ಪ್ರೋಟೀನು ಆಂಟಿತ್ರಾಂಬಿನ್. ಅದರಲ್ಲಿ 432 ಅಮೈನೋ ಆಮ್ಲಗಳಿವೆ. ರಕ್ತವನ್ನು ಗಟ್ಟಿಮಾಡುವ ಪ್ರೋಟೀನುಗಳಲ್ಲಿ ತ್ರಾಂಬಿನ್ ಎಂಬುದೂ ಹತ್ತನೆಯ ಘಟಕವೆಂಬುದೂ ಮುಖ್ಯವಾದವು. ಇವೆರಡನ್ನೂ ಹಿಡಿದು ಕಟ್ಟಿಹಾಕುವುದು ಆಂಟಿತ್ರಾಂಬಿನ್ನಿನ ಕರ್ತವ್ಯ. ಅದೊಂದು ಇಲಿಬೋನಿನಂತೆ. ಬೋನಿನ ಬಾಯಿಯಲ್ಲಿ ಆಹಾರದಂತೆ ಒಂದು ಕುಣಿಕೆಯು ಹೊರಚಾಚಿರುತ್ತದೆ. ಘಟಕವು ಬಂದು ಅದನ್ನು ಕಚ್ಚಿದೊಡನೆ ಬೋನು ಮುಚ್ಚಿಕೊಳ್ಳುತ್ತದೆ. ಆದರೆ ಸಾಧಾರಣ ಸ್ಥಿತಿಯಲ್ಲಿ ಕುಣಿಕೆಯು ಅರ್ಧ ಒಳಕ್ಕೆ ಸೇರಿಕೊಂಡಿರುವುದರಿಂದ ಬೇಟೆಯು ಬಹು ನಿಧಾನ.

ಸ್ವೀಡನ್ನಿನ ಉಲ್ಫ್ ಲಿಂಡಾಲ್ ಮೊದಲಾದವರು 1970ರ ದಶಕದಲ್ಲಿ ಹೆಪಾರಿನ್ನನ್ನು ಆಂಟಿತ್ರಾಂಬಿನ್ನಿನ ಮೇಲೆ ಹರಿಯಬಿಟ್ಟು ನೋಡಿದಾಗ ಆಶ್ಚರ್ಯವೊಂದು ಕಾದಿತ್ತು. ಸರಗಳಲ್ಲಿ ಸುಮಾರು ಮೂರರಲ್ಲೊಂದು ಪಾಲು ಮಾತ್ರ ಬಿಗಿಯಾಗಿ ನಿಂತಿತು, ಉಳಿದುದು ಹರಿದುಹೋಯಿತು. ವಿದ್ಯುತ್ತು ಎರಡರಲ್ಲಿಯೂ ಹೆಚ್ಚು ಕಡಮೆ ಒಂದೇ. ಹಾಗಾದರೆ ನಿಂತ ಸರದಲ್ಲಿ ಏನು ವಿಶೇಷ? ಲಿಂಡಾಲರ ಬಳಗವೂ ಫ್ರಾನ್ಸಿನಲ್ಲಿ ಜಾನ್ ಶುಆ ಎಂಬವರ ಬಳಗವೂ ಇದನ್ನು ಬೆನ್ನಟ್ಟಿ 1980ರ ದಶಕದ ಆದಿಯಲ್ಲಿ ಉತ್ತರವನ್ನು ಕಂಡುಕೊಂಡವು. ಉದ್ದನೆಯ ಸರದಲ್ಲಿ ಐದೇ ಐದು ಮಣಿಗಳು ಒಂದು ನಿಯತ ಕ್ರಮದಲ್ಲಿ ಬಂದಿರಬೇಕು. ಅವುಗಳಲ್ಲಿ ನಡುವಿನ ಮಣಿಯ ಮೇಲೆ, ಬೇರೆಡೆ ಬಲು ಅಪರೂಪವಾದ ಸ್ಥಾನದಲ್ಲಿ, ಒಂದು ಸಲ್ಫೇಟು ಕುಳಿತಿರಬೇಕು. ಆ ಒಂದು ಸಲ್ಫೇಟನ್ನು ತೆಗೆದರೆ ಬಂಧನವು ಸಾವಿರಾರು ಪಟ್ಟು ಸಡಿಲವಾಗುತ್ತದೆ!

ಸರಿಯಾದ ಐದು ಮಣಿಗಳು ಬಂದು ಕುಳಿತಾಗ ನಡೆಯುವುದು ಬರಿಯ ಅಂಟಿಕೊಳ್ಳುವಿಕೆಯಲ್ಲ. ಪ್ರೋಟೀನಿನ ಆಕಾರವೇ ಬದಲಾಗುತ್ತದೆ. ಒಳಕ್ಕೆ ಸೇರಿದ್ದ ಕುಣಿಕೆಯು ಹೊರಕ್ಕೆ ಜಾರಿ ಬೋನು ಪೂರ್ತಿ ತೆರೆದುಕೊಳ್ಳುತ್ತದೆ. ಹತ್ತನೆಯ ಘಟಕವನ್ನು ಹಿಡಿಯುವ ವೇಗವು ಸುಮಾರು 300 ಪಟ್ಟು ಹೆಚ್ಚುತ್ತದೆ. 1997ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್ಜಿನ ಪಂಡಿತರು ಈ ಜೋಡಿಯ ಹರಳನ್ನು ಬೆಳೆಸಿ, ಎಕ್ಸ್ ಕಿರಣಗಳಿಂದ ಅದರ ಚಿತ್ರವನ್ನೇ ತೆಗೆದರು. 47ನೆಯ ಸ್ಥಾನದ ಆರ್ಜಿನೀನು, 114ನೆಯ ಮತ್ತು 125ನೆಯ ಲೈಸೀನುಗಳು, 129ನೆಯ ಆರ್ಜಿನೀನು ಇವೇ ಮೊದಲಾದವು ಬೆರಳುಗಳಂತೆ ಬಂದು ಆ ಐದು ಮಣಿಗಳನ್ನು ಹಿಡಿದಿರುವುದು ಕಂಡುಬಂತು. ಇದರ ಸತ್ಯವನ್ನು ಪ್ರಕೃತಿಯೇ ಮೊದಲು ತೋರಿಸಿತ್ತು. ಜಪಾನಿನ ತೊಯಾಮಾ ಎಂಬಲ್ಲಿನ ಹೆಸರಿನಿಂದ ಕರೆಯುವ ಆಂಟಿತ್ರಾಂಬಿನ್ನಿನಲ್ಲಿ ಹುಟ್ಟಿನಿಂದಲೇ ಆ 47ನೆಯ ಆರ್ಜಿನೀನಿನ ಸ್ಥಾನದಲ್ಲಿ ಬೇರೊಂದು ಅಮೈನೋ ಆಮ್ಲವಿರುತ್ತದೆ. 432ರಲ್ಲಿ ಒಂದು ಬದಲಾಯಿತು, ಅಷ್ಟೇ. ಹೆಪಾರಿನ್ನನ್ನು ಹಿಡಿಯುವ ಶಕ್ತಿ ಹೋಯಿತು. ಇದು 1984ರಲ್ಲಿ ಪ್ರಕಟವಾದ ವಿಷಯ.

ತ್ರಾಂಬಿನ್ನಿನ ವಿಷಯದಲ್ಲಿ ಇನ್ನೊಂದು ನಿಬಂಧನೆಯುಂಟು. ಅದನ್ನು ಹಿಡಿಯಲು ಐದು ಮಣಿಗಳು ಸಾಲವು. ಸರವು ಕಡೆಯ ಪಕ್ಷ 18 ಮಣಿಗಳಷ್ಟು ಉದ್ದವಿದ್ದು, ಒಂದು ತುದಿಯಲ್ಲಿ ಆಂಟಿತ್ರಾಂಬಿನ್ನನ್ನೂ ಮತ್ತೊಂದು ಕಡೆಯಲ್ಲಿ ತ್ರಾಂಬಿನ್ನನ್ನೂ ಹೊತ್ತು ಸೇತುವೆಯಾಗಬೇಕು. ತ್ರಾಂಬಿನ್ನಾದರೋ ಸರದ ಯಾವ ಭಾಗವನ್ನಾದರೂ ಹಿಡಿಯುತ್ತದೆ. ಹೀಗೆ ಒಂದೇ ಸರದ ಮೇಲೆ ಗುರುತೂ ಸೆಳೆತವೂ ಪಕ್ಕಪಕ್ಕದಲ್ಲಿ ಕೆಲಸ ಮಾಡುತ್ತವೆ.

ಪ್ರೋಟೀನು ಸಕ್ಕರೆಯನ್ನು ಗುರುತಿಸಲು ವಿದ್ಯುತ್ತೇ ಬೇಕೆಂದಿಲ್ಲ. ನಮ್ಮ ಹಿತ್ತಿಲ ಹಲಸಿನ ಬೀಜದಲ್ಲಿಯೂ ಹೊಲದ ಕಡಲೆಕಾಯಿಯಲ್ಲಿಯೂ ಸಕ್ಕರೆಗಳನ್ನು ಗುರುತಿಸುವ ಲೆಕ್ಟಿನ್ ಎಂಬ ಪ್ರೋಟೀನುಗಳಿವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಂ. ವಿಜಯನ್ ಮಹಾಶಯರೂ ಅವರ ಶಿಷ್ಯರೂ ಕಡಲೆಕಾಯಿಯ ಲೆಕ್ಟಿನ್ನಿನ ರಚನೆಯನ್ನು 1994ರಲ್ಲಿಯೂ ಹಲಸಿನ ಜಾಕಲಿನ್ ಎಂಬುದರ ರಚನೆಯನ್ನು 1996ರಲ್ಲಿಯೂ ಪ್ರಕಟಿಸಿದರು. ಅಲ್ಲಿ ಪ್ರೋಟೀನಿನ ಚಿಕ್ಕ ಗುಳಿಯೊಂದರಲ್ಲಿ ಗ್ಯಾಲಕ್ಟೋಸ್ ಎಂಬ ಸಕ್ಕರೆಯು ಅಚ್ಚಿನಲ್ಲಿ ಕೂರುವಂತೆ ಕೂರುತ್ತದೆ. ಹೆಪಾರಿನ್ನಿನ ಕಥೆ ಬೇರೆ. ಅಲ್ಲಿ ಸೆಳೆತದ ಗದ್ದಲದ ನಡುವೆ ಗುರುತು ನಡೆಯಬೇಕಾಗಿದೆ. ಮೋಸಕ್ಕೆ ಎಡೆಯಾಗುವುದೂ ಅಲ್ಲಿಯೇ.

ಆ ಮೋಸವು ನಿಜವಾಗಿಯೇ ನಡೆಯಿತು. 2008ನೆಯ ಇಸವಿಯ ಆದಿಯಲ್ಲಿ ಅಮೆರಿಕಾದ ಸೇಂಟ್ ಲೂಯಿಸ್ ನಗರದ ಮಕ್ಕಳ ಆಸ್ಪತ್ರೆಯೊಂದರಲ್ಲಿ, ಡಯಾಲಿಸಿಸ್ ಆಗುತ್ತಿದ್ದ ಮಕ್ಕಳಿಗೆ ಇದ್ದಕ್ಕಿದ್ದಂತೆ ಮುಖ ಊದಿ, ರಕ್ತದೊತ್ತಡ ಕುಸಿಯುವುದನ್ನು ವೈದ್ಯರು ಕಂಡರು. ಬೇರೆ ಊರುಗಳಿಂದಲೂ ಇಂತಹ ಸುದ್ದಿಗಳು ಬಂದವು; ಹತ್ತಾರು ಮರಣಗಳ ವರದಿಯಾಯಿತು. ಸಂಶಯವು ಚೀನಾದಿಂದ ಬಂದ ಹೆಪಾರಿನ್ನಿನ ಮೇಲೆ ಬಿತ್ತು. ಆ ಕಾಲಕ್ಕೆ ಅಲ್ಲಿ ಹಂದಿಗಳಿಗೆ ರೋಗ ತಗುಲಿ ಕಚ್ಚಾ ಪದಾರ್ಥವು ದುರ್ಲಭವಾಗಿತ್ತು. ಆದರೆ ರೂಢಿಯಲ್ಲಿದ್ದ ಪರೀಕ್ಷೆಗಳಲ್ಲಿ ಔಷಧವು ಶುದ್ಧವೆಂದೇ ತೋರಿತು. ಆಗ ಅದರಲ್ಲಿನ ಅನ್ಯವಸ್ತುವನ್ನು ಪತ್ತೆ ಹಚ್ಚಿದ ಬಳಗದ ಮುಂದಾಳುಗಳಲ್ಲಿ ಒಬ್ಬರು ಅಮೆರಿಕಾದ ಮೆಸಾಚುಸೆಟ್ಸ್ ತಂತ್ರವಿಜ್ಞಾನ ಸಂಸ್ಥೆಯ ರಾಮ್ ಶಶಿಶೇಖರನ್. ಅವರು ನಮ್ಮ ಬೆಂಗಳೂರು ವಿಶ್ವವಿದ್ಯಾಲಯದಲ್ಲಿ 1985ರಲ್ಲಿ ಪದವಿ ಪಡೆದು ಹೊರಟವರೆಂಬುದು ನಾವು ಹೆಮ್ಮೆಪಡತಕ್ಕ ವಿಷಯ. ಈ ಸಕ್ಕರೆಯ ಸರಗಳಲ್ಲಿ ಮಣಿಗಳ ಕ್ರಮವನ್ನು ಓದುವ ವಿಧಾನವೊಂದನ್ನು ಅವರೂ ಅವರ ಸಹೋದ್ಯೋಗಿಗಳೂ 1999ರಲ್ಲಿಯೇ ಪ್ರಕಟಿಸಿದ್ದರು.

ಸಿಕ್ಕಿದ ವಸ್ತುವು ಕಾಂಡ್ರಾಯಿಟಿನ್ ಸಲ್ಫೇಟ್ ಎಂಬ ಅಗ್ಗದ ಸಕ್ಕರೆಯ ಸರ. ಪ್ರಾಣಿಗಳ ಮೆದುಮೂಳೆಯಿಂದ ದೊರೆಯತಕ್ಕದ್ದು. ಅದಕ್ಕೆ ರಾಸಾಯನಿಕವಾಗಿ ಸಲ್ಫೇಟನ್ನು ಹೇರಿ, ಎರಡೆರಡು ಮಣಿಗಳಿಗೆ ನಾಲ್ಕು ಸಲ್ಫೇಟುಗಳಾಗುವಂತೆ ಮಾಡಿದ್ದರು. ಸೃಷ್ಟಿಯಲ್ಲಿ ಅಂತಹ ವಸ್ತುವಿಲ್ಲ. ಕೊಬ್ಬರಿಯೆಣ್ಣೆಗೆ ಅಗ್ಗದ ಎಣ್ಣೆಯನ್ನು ಬೆರೆಸುವವನ ಬುದ್ಧಿಯೇ ಇಲ್ಲಿಯೂ; ಫಲ ಮಾತ್ರ ಘೋರ. ಈ ಸರದಲ್ಲಿ ಋಣವಿದ್ಯುತ್ತಿಗೇನೂ ಕೊರತೆಯಿಲ್ಲ, ಹೆಪಾರಿನ್ನನ್ನು ಮೀರಿಸುವಷ್ಟಿದೆ. ಇಲ್ಲದಿರುವುದು ಆ ಐದು ಮಣಿಗಳ ಕ್ರಮ. ಆಂಟಿತ್ರಾಂಬಿನ್ನು ಅದನ್ನು ತನ್ನದೆಂದು ಗುರುತಿಸಲಿಲ್ಲ. ಬರಿಯ ವಿದ್ಯುತ್ತಿಗೆ ಓಗೊಡುವ ಹನ್ನೆರಡನೆಯ ಘಟಕವೇ ಮೊದಲಾದ ಪ್ರೋಟೀನುಗಳು ಅದನ್ನು ಹಿಡಿದುಕೊಂಡು ಉದ್ರೇಕಗೊಂಡವು. ಅದರಿಂದ ಬ್ರಾಡಿಕೈನಿನ್ ಎಂಬ ದ್ರವ್ಯವು ಹುಟ್ಟಿ ರಕ್ತದೊತ್ತಡವನ್ನು ಇಳಿಸಿತು. ಪರಮಾಣುಬೀಜಗಳ ಕಾಂತೀಯ ಅನುರಣನವೆಂಬ ಸೂಕ್ಷ್ಮ ಪರೀಕ್ಷೆಯಲ್ಲಿ ಈ ಕಳ್ಳಸರದ ಗುರುತು ಬೇರೆಯಾಗಿ ಕಂಡಿತು. ಅಂದಿನಿಂದ ಆ ಪರೀಕ್ಷೆಯನ್ನು ಹೆಪಾರಿನ್ನಿಗೆ ವಿಧಿಸಲಾಗಿದೆ.

ಈಗ ಭಕ್ತರ ಪ್ರಶ್ನೆಗೆ ಹಿಂದಿರುಗುತ್ತೇನೆ. ಕೆಲಸ ಮಾಡತಕ್ಕದ್ದು ಐದು ಮಣಿಗಳೆಂದು ಗೊತ್ತಾದ ಮೇಲೆ, ಅಷ್ಟನ್ನು ಮಾತ್ರ ಪ್ರಯೋಗಶಾಲೆಯಲ್ಲಿ ಕಟ್ಟುವುದು ಸಾಧ್ಯವೇ ಎಂದು ಫ್ರೆಂಚ್ ರಸಾಯನಜ್ಞರು ಯತ್ನಿಸಿದರು. 1980ರ ದಶಕದಲ್ಲಿ ಕೃತಕೃತ್ಯರಾದರು. ಅದರ ಪರಿಷ್ಕೃತ ರೂಪವೇ ಫಾಂಡಪ್ಯಾರಿನಕ್ಸ್. 2001ರ ಡಿಸೆಂಬರಿನಲ್ಲಿ ಅಮೆರಿಕಾದಲ್ಲಿ ಔಷಧವಾಗಿ ಅಂಗೀಕೃತವಾಯಿತು. ಐದು ಮಣಿ, ಎಂಟು ಸಲ್ಫೇಟು. ಇಷ್ಟನ್ನು ಕಟ್ಟಲು ಐವತ್ತಕ್ಕೂ ಹೆಚ್ಚು ರಾಸಾಯನಿಕ ಹಂತಗಳು ಬೇಕಾಗುತ್ತವೆಂದರೆ ಬೆಲೆ ಏಕೆ ಹೆಚ್ಚೆಂಬುದು ವೇದ್ಯವಾಗುವುದು. ಔಷಧದ ಸಾರವನ್ನು ಯಾವ ಪ್ರಾಣಿಯ ಅಂಗದಿಂದಲೂ ತೆಗೆಯಬೇಕಾದುದಿಲ್ಲ. ಸೊಂಟದ ಅಥವಾ ಮೊಣಕಾಲಿನ ಕೀಲಿನ ಶಸ್ತ್ರಚಿಕಿತ್ಸೆಯ ಅನಂತರ ಕಾಲಿನ ನಾಳಗಳಲ್ಲಿ ರಕ್ತವು ಗಟ್ಟಿಯಾಗದಂತೆ ತಡೆಯಲು ಇದನ್ನು ಕೊಡುವುದುಂಟು. ಅಂತಹ ಸಂದರ್ಭದಲ್ಲಿ ವೈದ್ಯರನ್ನು ಕೇಳಲು ಯಾರೂ ಸಂಕೋಚಪಡಬೇಕಾಗಿಲ್ಲ. ಎನಾಕ್ಸಪ್ಯಾರಿನ್ ಮೊದಲಾದ ‘ಕಿರು ಹೆಪಾರಿನ್ನು’ಗಳು ಇದೇ ಜಾತಿಯವೆಂದು ಕೆಲವರು ತಿಳಿದಿದ್ದಾರೆ, ಹಾಗಲ್ಲ. ಅವು ಹಂದಿಯ ಕರುಳಿನ ಹೆಪಾರಿನ್ನನ್ನೇ ತುಂಡರಿಸಿ ಮಾಡಿದವು.

ಆದರೆ ಡಯಾಲಿಸಿಸ್ ಮಾಡಿಸಿಕೊಳ್ಳುವವರ ಸ್ಥಿತಿ ಇಷ್ಟು ಸುಲಭವಲ್ಲ. ಪ್ರಶ್ನೆ ಕೇಳಿದವರು ಅವರೇ ಆದುದರಿಂದ ಮರೆಮಾಚದೆ ಹೇಳುತ್ತೇನೆ. ಫಾಂಡಪ್ಯಾರಿನಕ್ಸ್ ದೇಹದಿಂದ ಹೊರಹೋಗುವುದು ಮೂತ್ರಪಿಂಡಗಳ ಮೂಲಕ. ಮೂತ್ರಪಿಂಡವೇ ಕೆಟ್ಟವರಲ್ಲಿ ಅದು ರಕ್ತದಲ್ಲಿ ನಿಂತು, ರಕ್ತಸ್ರಾವಕ್ಕೆ ಕಾರಣವಾಗಬಹುದು. ಪ್ರೋಟಮೀನು ಕೊಟ್ಟರೂ ಇಳಿಯುವುದಿಲ್ಲ. ಏಕೆಂದರೆ ಪ್ರೋಟಮೀನಿಗೆ ಬೇಕಾದುದು ಉದ್ದನೆಯ ಸರ, ಐದು ಮಣಿಗಳ ತುಂಡಲ್ಲ. ಯಕೃತ್ತಿನ ಮೂಲಕ ಹೊರಹೋಗುವ ಅರ್ಗಾಟ್ರೊಬಾನ್ ಎಂಬ ಕೃತಕ ಔಷಧವೊಂದುಂಟು. ಹೆಪಾರಿನ್ ಒಗ್ಗದವರಿಗೆ ಅದನ್ನು ಬಳಸುತ್ತಾರೆ. ಕೆಲವು ರೋಗಿಗಳಿಗೆ ಹೆಪಾರಿನ್ ಇಲ್ಲದೆಯೇ, ಆಗಾಗ ಲವಣದ್ರಾವಣವನ್ನು ಹರಿಸುತ್ತ ಡಯಾಲಿಸಿಸ್ ನಡೆಸುವ ಕ್ರಮವೂ ಉಂಟು. ಯಾರಿಗೆ ಯಾವುದು ಹೊಂದುವುದೆಂಬುದು ಆಯಾ ರೋಗಿಯ ವೈದ್ಯರು ನಿರ್ಣಯಿಸಬೇಕಾದುದು. ಸಂದೇಹದಿಂದ ಯಂತ್ರದ ಬಳಿಗೇ ಹೋಗದೆ ಮನೆಯಲ್ಲಿ ಉಳಿಯುವುದನ್ನು ಮಾತ್ರ ಯಾರೂ ಮಾಡಕೂಡದು.

ಉದ್ದನೆಯ ಸರವನ್ನು ಪ್ರಾಣಿಯಿಲ್ಲದೆ ಕಟ್ಟುವ ಯತ್ನವೂ ಸಾಗಿದೆ. ಅಮೆರಿಕಾದ ಜಿಯಾನ್ ಲಿಯು, ರಾಬರ್ಟ್ ಲಿನ್‌ಹಾರ್ಟ್ ಎಂಬವರೂ ಅವರ ಸಂಗಡಿಗರೂ, ಜೀವಕೋಶಗಳು ಹೆಪಾರಿನ್ನನ್ನು ಕಟ್ಟಲು ಬಳಸುವ ಕಿಣ್ವಗಳನ್ನೇ ಗಾಜಿನ ಪಾತ್ರೆಯಲ್ಲಿ ದುಡಿಸಿ, ಏಳು ಮಣಿಗಳ ಸರವನ್ನು ಹತ್ತು ಹನ್ನೆರಡು ಹಂತಗಳಲ್ಲಿಯೇ ಕಟ್ಟಿ 2011ರಲ್ಲಿ ಪ್ರಕಟಿಸಿದರು. ತರುವಾಯ ಹನ್ನೆರಡು ಮಣಿಗಳ ಸರವನ್ನೂ ಕಟ್ಟಿದ್ದಾರೆ; ಅದು ಪ್ರೋಟಮೀನಿಗೆ ಬಗ್ಗುತ್ತದೆ. ತ್ರಾಂಬಿನ್ನಿಗೆ ಸೇತುವೆಯಾಗಲು 18 ಬೇಕೆಂಬುದನ್ನು ಹಿಂದೆಯೇ ಅರಿಕೆ ಮಾಡಿದ್ದೇನೆ.